ಕೈಬರಹದ ಪಹಣಿಯಿಂದ ಗಣಕೀಕೃತ ಪಹಣಿಗೆ: ಚಾಮರಾಜನಗರ ಮತ್ತು ಗುಂಡ್ಲುಪೇಟೆ ತಾಲ್ಲೂಕುಗಳ ಅರ್ಜಿದಾರರಿಗೆ ಮಾಹಿತಿ

ಜಮೀನಿನ ಹಕ್ಕು, ಗೇಣಿ ಮತ್ತು ಬೆಳೆಯ ವಿವರಗಳನ್ನು ಒಳಗೊಂಡ ದಾಖಲೆಗೆ ಪಹಣಿ (ಆರ್.ಟಿ.ಸಿ.) ಎಂದು ಹೆಸರು. ಹಿಂದೆ ಇದನ್ನು ಗ್ರಾಮ ಲೆಕ್ಕಿಗರು ಕೈಬರಹದಲ್ಲಿ ನಿರ್ವಹಿಸುತ್ತಿದ್ದರು. ನಕಲು ಬೇಕಾದ ರೈತರು ಅವರನ್ನು ಹುಡುಕಿಕೊಂಡು ಹೋಗಬೇಕಾಗಿತ್ತು. ಪುಸ್ತಕವು ಒಬ್ಬರ ವಶದಲ್ಲಿಯೇ ಇರುತ್ತಿದ್ದುದರಿಂದ ಯಾವ ತಿದ್ದುಪಡಿ ಯಾರ ಆದೇಶದಂತೆ ಆಯಿತೆಂಬುದು ಇತರರಿಗೆ ಸುಲಭವಾಗಿ ತಿಳಿಯುತ್ತಿರಲಿಲ್ಲ.

ಕಂದಾಯ ಇಲಾಖೆಯ ‘ಭೂಮಿ’ ಯೋಜನೆಯಡಿ 2002ರ ವೇಳೆಗೆ ರಾಜ್ಯದ 177 ತಾಲ್ಲೂಕುಗಳ ಸುಮಾರು 2 ಕೋಟಿ ಪಹಣಿಗಳನ್ನು ಗಣಕೀಕರಿಸಿ, ಕೈಬರಹದ ಪಹಣಿ ನೀಡುವುದನ್ನು ನಿಲ್ಲಿಸಲಾಯಿತು. ಆರಂಭದಲ್ಲಿ ತಾಲ್ಲೂಕು ಕಚೇರಿಯ ಕೇಂದ್ರದಲ್ಲಿ 15 ರೂ. ಶುಲ್ಕಕ್ಕೆ ಪ್ರತಿ ದೊರೆಯುತ್ತಿತ್ತು. ಹಕ್ಕು ಬದಲಾವಣೆ ಅರ್ಜಿಗಳನ್ನು ಬಂದ ಸರದಿಯಂತೆಯೇ ತೆಗೆದುಕೊಳ್ಳುವ ಮತ್ತು ಸಿಬ್ಬಂದಿಯು ಬೆರಳಚ್ಚು ನೀಡಿಯೇ ಗಣಕಯಂತ್ರವನ್ನು ಪ್ರವೇಶಿಸುವ ವ್ಯವಸ್ಥೆಯೂ ಆಗಲೇ ಬಂದಿತು.

ಆದರೆ ಗಣಕಯಂತ್ರಕ್ಕೆ ಸೇರಿದ್ದು ಕೈಬರಹದಲ್ಲಿ ಇದ್ದ ವಿವರವೇ. ಅಕ್ಷರ ಸ್ಪಷ್ಟವಿಲ್ಲದ ಕಡೆ ತಂದೆಯ ಹೆಸರು ಬದಲಾಗಿರಬಹುದು, ಗುಂಟೆಯ ಅಂಕಿ ತಪ್ಪಿರಬಹುದು, ತೀರಿದ ಸಾಲ 11ನೇ ಕಾಲಂನಲ್ಲಿ ಉಳಿದಿರಬಹುದು. ಬ್ಯಾಂಕಿಗೆ ಹೋದ ದಿನವೇ ಇದು ಗೊತ್ತಾಗುವುದು ಹೆಚ್ಚು; ಆದ್ದರಿಂದ ಪಹಣಿಯನ್ನು ಪಡೆದಾಗಲೇ 9, 10 ಮತ್ತು 11ನೇ ಕಾಲಂಗಳನ್ನು ಓದಿ ನೋಡುವುದು ಸೂಕ್ತ.

ಭೂಕಂದಾಯ ಅಧಿನಿಯಮ 1964ರ 133ನೇ ಪ್ರಕರಣದಂತೆ, ತಪ್ಪೆಂದು ರುಜುವಾತಾಗುವವರೆಗೆ ಹಕ್ಕು ದಾಖಲೆಯ ನಮೂದನ್ನು ಸರಿಯೆಂದೇ ಭಾವಿಸಲಾಗುತ್ತದೆ. ರುಜುವಾತು ಮಾಡಬೇಕಾದವರು ಅರ್ಜಿದಾರರು. ಅದಕ್ಕೆ ಬೇಕಾಗುವುದು ಹಳೆಯ ಕಾಗದವೇ: ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಯಲ್ಲಿರುವ ಕೈಬರಹದ ಪಹಣಿ ಮತ್ತು ಹಕ್ಕು ಬದಲಾವಣೆ ವಹಿಯ (ಎಂ.ಆರ್.) ದೃಢೀಕೃತ ನಕಲು. ಗಣಕೀಕರಣವಾಯಿತೆಂದು ಮನೆಯಲ್ಲಿರುವ ಹಳೆಯ ಪ್ರತಿಗಳನ್ನು ಎಸೆಯಬಾರದು. ಚಾಮರಾಜನಗರ ಜಿಲ್ಲೆಯು 1997ರಲ್ಲಿ ರಚನೆಯಾದುದರಿಂದ ಅದಕ್ಕೆ ಮೊದಲಿನ ಪತ್ರಗಳಲ್ಲಿ ‘ಮೈಸೂರು ಜಿಲ್ಲೆ’ ಎಂದಿರುತ್ತದೆ. ಇದು ದೋಷವಲ್ಲ, ತಿದ್ದುಪಡಿಗೆ ಅರ್ಜಿ ಬೇಕಿಲ್ಲ.

ಬರವಣಿಗೆಯ ತಪ್ಪಾಗಿದ್ದಲ್ಲಿ ತಹಶೀಲ್ದಾರರಿಗೆ ಅರ್ಜಿ ಸಲ್ಲಿಸತಕ್ಕದ್ದು. ಹಕ್ಕು ಬದಲಾವಣೆಯ ಆದೇಶದ ಬಗ್ಗೆಯೇ ತಕರಾರಿದ್ದರೆ 136(2)ನೇ ಪ್ರಕರಣದಡಿ ಉಪವಿಭಾಗಾಧಿಕಾರಿಗಳಿಗೆ ಮೇಲ್ಮನವಿ ಸಲ್ಲಿಸಬೇಕು. ಇವೆರಡನ್ನು ಬೆರೆಸಿ ಬರೆದ ಅರ್ಜಿಗಳೇ ಹೆಚ್ಚು ವಿಳಂಬವಾಗುತ್ತವೆ.

2024ರಲ್ಲಿ ಆರಂಭವಾದ ‘ಭೂ ಸುರಕ್ಷಾ’ ಯೋಜನೆಯಡಿ ದಾಖಲೆ ಕೊಠಡಿಗಳ ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡುವ ಕಾರ್ಯ ಕೈಗೊಳ್ಳಲಾಗಿದೆ. ಹಳೆಯ ನಕಲನ್ನು ಕೋರುವವರು ಗ್ರಾಮ, ಹೋಬಳಿ, ಸರ್ವೆ ನಂಬರ್, ಹಿಸ್ಸಾ ನಂಬರ್ ಹಾಗೂ ಬೇಕಾದ ವರ್ಷಗಳನ್ನು ಅರ್ಜಿಯಲ್ಲಿ ತಪ್ಪದೆ ನಮೂದಿಸಿ, ಸ್ವೀಕೃತಿಯನ್ನು ಪಡೆದುಕೊಳ್ಳತಕ್ಕದ್ದು.