ರೆಪ್ಪೆ ಮುಚ್ಚದಿರುವಿಕೆ

ಕಣ್ಣು ಮಿಟುಕಿಸುವಾಗಲೂ ನಿದ್ದೆಯಲ್ಲೂ ರೆಪ್ಪೆಗಳು ಪೂರ್ತಿ ಕೂಡದೆ ನಡುವೆ ಸಂದು ಉಳಿಯುವ ಸ್ಥಿತಿ. ವೈದ್ಯರ ಮಾತಿನಲ್ಲಿ ಲ್ಯಾಗಾಫ್ಥಾಲ್ಮಸ್. ವಯಸ್ಕರು ನಿಮಿಷಕ್ಕೆ ಸುಮಾರು 15ರಿಂದ 20 ಸಲ ಎವೆಯಿಕ್ಕುತ್ತಾರೆ. ಓದುವಾಗ, ಮೊಬೈಲ್ ನೋಡುವಾಗ ತುಂಬ ಕಡಿಮೆ. ಪ್ರತಿ ಮಿಟುಕಿನಲ್ಲೂ ಕಣ್ಣೀರಿನ ತೆಳುಪದರ ಕಣ್ಣಿನ ಮುಂದಿನ ಪಾರದರ್ಶಕ ಪೊರೆಯಾದ ಕಾರ್ನಿಯಾದ ಮೇಲೆ ಹೊಸದಾಗಿ ಹರಡುತ್ತದೆ. ರೆಪ್ಪೆ ಎತ್ತುವುದು ಮೂರನೆಯ ಕಪಾಲನರದ ಕೆಲಸ, ಮುಚ್ಚುವುದು ಏಳನೆಯದರದು. ಏಳನೆಯದು ಸೋತರೆ ಕಣ್ಣು ತೆರೆದೇ ಉಳಿಯುತ್ತದೆ.

ಸಾಮಾನ್ಯ ಕಾರಣ ಬೆಲ್ಸ್ ಪಾಲ್ಸಿ, ಅಂದರೆ ಏಳನೆಯ ನರ ಹಠಾತ್ತನೆ ಸೋತು ಮುಖದ ಒಂದು ಬದಿ ಬಿದ್ದುಹೋಗುವುದು. ಸ್ಕಾಟ್ಲೆಂಡಿನ ಶಸ್ತ್ರವೈದ್ಯ ಚಾರ್ಲ್ಸ್ ಬೆಲ್ (1774–1842) ಅವರ ಹೆಸರು ಇದಕ್ಕೆ ಅಂಟಿದೆ. ಬೆಳಿಗ್ಗೆ ಬಾಯಿ ಮುಕ್ಕಳಿಸಿದರೆ ನೀರು ಒಂದು ಕಡೆಯಿಂದ ಸೋರುತ್ತದೆ, ಮುಖ ತೊಳೆದರೆ ಆ ಬದಿಯ ಕಣ್ಣಿಗೆ ಸೋಪು ಹೋಗಿ ಉರಿಯುತ್ತದೆ. ಕಣ್ಣು ಮುಚ್ಚಲು ಹೊರಟರೆ ಗುಡ್ಡೆ ಮೇಲಕ್ಕೆ ಹೊರಳಿ ಬಿಳಿಭಾಗ ಮಾತ್ರ ಕಾಣುತ್ತದೆ. ನೋಡಿದವರು ಗಾಬರಿಯಾಗುವುದು ಸಹಜ. ಆದರೆ ಕಾರ್ನಿಯಾವನ್ನು ಮೇಲಿನ ರೆಪ್ಪೆಯ ಮರೆಗೆ ಒಯ್ಯುವ ಈ ಹೊರಳಾಟ ಹೆಚ್ಚಿನವರಲ್ಲಿ ಇರುವ ರಕ್ಷಣೆಯೇ. ಔಷಧವಿಲ್ಲದೆಯೂ ಹತ್ತರಲ್ಲಿ ಸುಮಾರು ಏಳು ಮಂದಿ ಪೂರ್ತಿ ಗುಣವಾಗುತ್ತಾರೆ. 72 ಗಂಟೆಯೊಳಗೆ ಸ್ಟೆರಾಯ್ಡ್ ಮಾತ್ರೆ ಶುರುವಾದರೆ ಈ ಪ್ರಮಾಣ ಇನ್ನೂ ಹೆಚ್ಚು. ಗಾಳಿ ಸೋಕಿರಬೇಕೆಂದು ವಾರಗಟ್ಟಲೆ ಕಾಯುವವರು ಕಳೆದುಕೊಳ್ಳುವುದು ಈ ಅವಧಿಯನ್ನೇ. ಮುಖ ಸೊಟ್ಟಗಾಗುವುದರ ಜೊತೆಗೆ ಕೈ ಸೋತರೆ ಅಥವಾ ಮಾತು ತೊದಲಿದರೆ ಅದು ಮೆದುಳಿನ ಆಘಾತವಿರಬಹುದು. ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಕುಷ್ಠರೋಗದಲ್ಲಿ ಅಪಾಯ ಇನ್ನೂ ಆಳದ್ದು. ರೆಪ್ಪೆ ಮುಚ್ಚಿಸುವ ನರದ ಜೊತೆಗೆ ಕಾರ್ನಿಯಾಕ್ಕೆ ಸ್ಪರ್ಶ ಕೊಡುವ ಐದನೆಯ ನರವೂ ಜಡ್ಡುಗಟ್ಟಿದರೆ ನೋವೇ ತಿಳಿಯದು. ದೂಳು ಬಿದ್ದು ಹುಣ್ಣಾದರೂ ರೋಗಿ ಸುಮ್ಮನಿರುತ್ತಾನೆ, ದೃಷ್ಟಿ ಮಸುಕಾದ ಮೇಲೆ ಬರುತ್ತಾನೆ. ಇಂಥವರಿಗೆ ನೆನಪಿಟ್ಟು ಮಿಟುಕಿಸುವುದನ್ನೂ ದಿನಾ ಕನ್ನಡಿಯಲ್ಲಿ ಕಣ್ಣು ಕೆಂಪಾಗಿದೆಯೇ ಎಂದು ನೋಡಿಕೊಳ್ಳುವುದನ್ನೂ ಕಲಿಸುತ್ತಾರೆ. ಅಗಿಯುವ ಸ್ನಾಯುವಿನ ಒಂದು ಪಟ್ಟಿಯನ್ನು ಕಣತಲೆಯಿಂದ ರೆಪ್ಪೆಗೆ ಎಳೆದು ಕಟ್ಟುವ ಶಸ್ತ್ರಚಿಕಿತ್ಸೆಯೂ ಇದೆ: ಅನಂತರ ಹಲ್ಲು ಕಚ್ಚಿದರೆ ಕಣ್ಣು ಮುಚ್ಚುತ್ತದೆ.

ಥೈರಾಯ್ಡಿನಿಂದ ಗುಡ್ಡೆ ಮುಂದೆ ಬಂದಾಗ, ಸುಟ್ಟಗಾಯದ ಕಲೆ ರೆಪ್ಪೆಯನ್ನು ಎಳೆದಾಗಲೂ ರೆಪ್ಪೆ ಪೂರ್ತಿ ಮುಚ್ಚುವುದಿಲ್ಲ. ಪಾರ್ಕಿನ್ಸನ್ ಕಾಯಿಲೆಯಲ್ಲಿ ರೆಪ್ಪೆ ಮುಚ್ಚಬಲ್ಲದು, ಮಿಟುಕು ಮಾತ್ರ ವಿರಳ.

ಕಾರಣ ಯಾವುದಿದ್ದರೂ ಮೊದಲ ಆರೈಕೆ ಕಾರ್ನಿಯಾಕ್ಕೆ. ಕಣ್ಣಲ್ಲಿ ನೀರು ಸುರಿಯುತ್ತಿದೆ, ಒಣಗಿಲ್ಲ ಎಂದುಕೊಳ್ಳಬಾರದು. ಒಣಗಿದ್ದರಿಂದಾಗುವ ಕೆರಳಿಕೆಗೂ ನೀರು ಬರುತ್ತದೆ. ಹಗಲು ಕೃತಕ ಕಣ್ಣೀರಿನ ಹನಿ, ರಾತ್ರಿ ಮುಲಾಮು ಹಚ್ಚಿ ರೆಪ್ಪೆಗೆ ಟೇಪು, ಬೈಕಿನಲ್ಲಿ ಹೋಗುವಾಗ ಕನ್ನಡಕ. ತೆರೆದ ಕಣ್ಣಿನ ಮೇಲೆ ಹತ್ತಿ ಇಟ್ಟು ಕಟ್ಟುವುದು ತಪ್ಪು; ಅದೇ ಕಾರ್ನಿಯಾವನ್ನು ಉಜ್ಜುತ್ತದೆ. ನೋವು, ಬೆಳಕು ಸಹಿಸಲಾಗದಿರುವುದು, ಮಂಜು ಕಂಡರೆ ಅಂದೇ ನೇತ್ರವೈದ್ಯರನ್ನು ನೋಡಬೇಕು. ನರ ಚೇತರಿಸದಿದ್ದರೆ ಮೇಲಿನ ರೆಪ್ಪೆಯೊಳಗೆ ಒಂದು ಗ್ರಾಂ ಆಸುಪಾಸಿನ ಚಿನ್ನದ ತೂಕ ಕೂರಿಸುತ್ತಾರೆ. ಕೂತಾಗ, ನಿಂತಾಗ ಅದರ ಭಾರವೇ ರೆಪ್ಪೆಯನ್ನು ಇಳಿಸುತ್ತದೆ. ಅಂಗಾತ ಮಲಗಿದಾಗ ಆ ಸಹಾಯವಿಲ್ಲ, ಹಾಗಾಗಿ ರಾತ್ರಿಯ ಮುಲಾಮು ತಪ್ಪುವುದಿಲ್ಲ. ರೆಪ್ಪೆಗಳ ಹೊರಅಂಚನ್ನು ಸ್ವಲ್ಪ ಹೊಲಿದು ಸಂದನ್ನು ಕಿರಿದಾಗಿಸುವುದು ಹಳೆಯ, ಇಂದಿಗೂ ಭರವಸೆಯ ಉಪಾಯ.

ಏಳನೆಯ ನರ ಚೇತರಿಸಿಕೊಳ್ಳುವಾಗ ಮತ್ತೆ ಚಿಗುರುವ ನರತಂತುಗಳು ಕೆಲವೊಮ್ಮೆ ತಪ್ಪು ಸ್ನಾಯುವನ್ನೋ ಗ್ರಂಥಿಯನ್ನೋ ಸೇರುತ್ತವೆ. ಆಗ ನಕ್ಕರೆ ಕಣ್ಣು ತಾನಾಗಿ ಮುಚ್ಚುತ್ತದೆ, ಊಟಕ್ಕೆ ಕೂತರೆ ಕಣ್ಣಲ್ಲಿ ನೀರು ಹನಿಯುತ್ತದೆ. ಇದಕ್ಕೆ ಬೊಟುಲಿನಮ್ ಚುಚ್ಚುಮದ್ದು ಉಪಯೋಗಕ್ಕೆ ಬರುತ್ತದೆ. ಕೆಲವು ತಿಂಗಳಿಗೊಮ್ಮೆ ಮತ್ತೆ ತೆಗೆದುಕೊಳ್ಳಬೇಕಾಗುತ್ತದೆ.