ಶಾಂತಿ ಸಂಧಾನದಲ್ಲಿ ಸೇನಾಧಿಕಾರಿಗಳು

ಕದನವಿರಾಮ, ಯುದ್ಧಕೈದಿಗಳ ಹಸ್ತಾಂತರ, ಗಡಿ ವೀಕ್ಷಣೆ ಮುಂತಾದ ವ್ಯವಹಾರಗಳಲ್ಲಿ ರಾಜತಾಂತ್ರಿಕರಿಗೆ ಸಲಹೆ ನೀಡುವ, ಎಷ್ಟೋ ಸಲ ತಾವೇ ಮಾತುಕತೆಗೆ ಕೂರುವ ಸೈನಿಕರು. ಪಡೆ ಎಷ್ಟು ಬೇಕು, ಎಲ್ಲಿ ನಿಲ್ಲಬೇಕು, ಯಾವಾಗ ಗುಂಡು ಹಾರಿಸಕೂಡದು ಎಂಬುದನ್ನು ಇವರು ಹೇಳಬೇಕು. 1960ರ ಕಾಂಗೊ ಬಿಕ್ಕಟ್ಟಿನಲ್ಲಿ ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿ ಹ್ಯಾಮರ್‌ಷೋಲ್ಡ್ ಅವರಿಗೆ ಸೇನಾ ಸಲಹೆಗಾರರಾಗಿದ್ದವರು ಭಾರತದ ಇಂದರ್ ಜಿತ್ ರಿಖಿ.

ಕೊಡ್ಲಿಪೇಟೆಯಿಂದ ಕುಟ್ಟದವರೆಗೆ ಸೇನೆಯ ನಂಟಿರುವ ಮನೆಗಳು ಹೇರಳವಾಗಿರುವ ಕೊಡಗಿನಲ್ಲಿ ಈ ಮಾತಿಗೆ ಮೊದಲು ನೆನಪಾಗುವ ಹೆಸರು ಮಡಿಕೇರಿಯಲ್ಲಿ ಹುಟ್ಟಿದ ಜನರಲ್ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ (1906–1965). ಹುದ್ದೆಯಿಂದ ಅವರು ಸಲಹೆಗಾರರಲ್ಲ. ಮಾಡಿದ್ದು ಅದಕ್ಕಿಂತ ಕಷ್ಟದ ಕೆಲಸ.

1953ರ ಜುಲೈ 27ರಂದು ಕೊರಿಯಾದಲ್ಲಿ ಕದನವಿರಾಮವಾಯಿತು. ತಾಯ್ನಾಡಿಗೆ ಮರಳಲು ಒಪ್ಪದ 22,000ಕ್ಕೂ ಹೆಚ್ಚು ಚೀನೀ ಮತ್ತು ಉತ್ತರ ಕೊರಿಯಾದ ಕೈದಿಗಳೇ ದೊಡ್ಡ ತೊಡಕು. ಅವರ ಇಚ್ಛೆ ತಿಳಿಯಲು ರಚಿಸಿದ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ತಿಮ್ಮಯ್ಯ ಅಧ್ಯಕ್ಷರು. ಸ್ವೀಡನ್, ಸ್ವಿಟ್ಜರ್‌ಲೆಂಡ್ ಒಂದು ಕಡೆ, ಪೋಲೆಂಡ್, ಚೆಕೊಸ್ಲೊವಾಕಿಯ ಇನ್ನೊಂದು ಕಡೆ. ನಡುವೆ ಭಾರತದ ಮತ. ಕಾವಲಿಗೆ ಮೇಜರ್ ಜನರಲ್ ಥೋರಾಟ್ ನೇತೃತ್ವದ ಭಾರತೀಯ ಪಡೆ. ಅದು ತನ್ನ ನೆಲದ ಮೇಲೆ ಕಾಲಿಡುವುದನ್ನು ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್‌ಮನ್ ರೀ ಒಪ್ಪಲಿಲ್ಲ. ಹಾಗಾಗಿ ಯೋಧರನ್ನು ಇಂಚೋನ್ ಬಂದರಿನಾಚೆಯ ಹಡಗುಗಳಿಂದ ಹೆಲಿಕಾಪ್ಟರಿನಲ್ಲೇ ಸೇನಾರಹಿತ ವಲಯಕ್ಕೆ ಇಳಿಸಲಾಯಿತು.

ಆಯೋಗದ ಡೇರೆಗೆ ಕೈದಿ ಒಬ್ಬೊಬ್ಬನಾಗಿ ಬರುತ್ತಿದ್ದ. ಅವನ ದೇಶದ ಪ್ರತಿನಿಧಿ ಮರಳಿ ಬಾ ಎಂದು ಹೇಳಿ ಮುಗಿಸಿದ ಮೇಲೆ ಎರಡು ಬಾಗಿಲುಗಳಲ್ಲಿ ಒಂದರಿಂದ ಹೊರಗೆ ಹೋಗಬೇಕು: ಒಂದು ತಾಯ್ನಾಡಿಗೆ, ಇನ್ನೊಂದು ಮತ್ತೆ ಶಿಬಿರಕ್ಕೆ. ಬಹುಪಾಲು ಕೈದಿಗಳು ಡೇರೆಗೆ ಬರಲೇ ಒಪ್ಪಲಿಲ್ಲ. ಬಲವಂತವಾಗಿ ಎಳೆದು ತಂದಿದ್ದರೆ ರಕ್ತಪಾತ ಖಂಡಿತ. ತಿಮ್ಮಯ್ಯ ಅದಕ್ಕೆ ಕೈಹಾಕಲಿಲ್ಲ. ಅವಧಿ ಮುಗಿಯುತ್ತಿದ್ದಂತೆ, 1954ರ ಜನವರಿ 20ರಿಂದ, ಉಳಿದವರನ್ನು ಸೆರೆಹಿಡಿದ ಪಕ್ಷಗಳಿಗೇ ಒಪ್ಪಿಸಿದರು. ಇದು ಎರಡೂ ಬಣಗಳಿಗೆ ಹಿಡಿಸಲಿಲ್ಲ. ತಟಸ್ಥನ ಪಾಡೇ ಅದು. ಯಾವ ಕೊರಿಯಾವೂ ಬೇಡವೆಂದ ಕೆಲವರು ಭಾರತೀಯ ಪಡೆಯೊಂದಿಗೆ ಭಾರತಕ್ಕೆ ಬಂದರು.

ಭೂಸೇನಾ ಮುಖ್ಯಸ್ಥರಾಗಿ (1957–61) ನಿವೃತ್ತರಾದ ಮೇಲೂ 1964ರಲ್ಲಿ ಸೈಪ್ರಸ್‌ನಿಂದ ಕರೆ ಬಂತು. ಅಲ್ಲಿ ಗ್ರೀಕ್ ಮತ್ತು ತುರ್ಕಿ ಸಮುದಾಯಗಳ ನಡುವೆ ನಿಂತ ವಿಶ್ವಸಂಸ್ಥೆಯ ಪಡೆಯ ಮೊದಲ ದಂಡನಾಯಕರೂ ಭಾರತೀಯರೇ, ಗ್ಯಾನಿ; ಅವರ ನಂತರ ತಿಮ್ಮಯ್ಯ. 1965ರ ಡಿಸೆಂಬರ್ 18ರಂದು, ಆ ಹುದ್ದೆಯಲ್ಲಿದ್ದಾಗಲೇ, ಹೃದಯಾಘಾತದಿಂದ ತೀರಿಕೊಂಡರು. ಮರುವರ್ಷ ಸೈಪ್ರಸ್ ಅವರ ನೆನಪಿಗೆ ಅಂಚೆಚೀಟಿ ಹೊರತಂದಿತು. ಅವರ ಮಡಿಕೇರಿಯ ಮನೆ ‘ಸನ್ನಿ ಸೈಡ್’ 2021ರಿಂದ ವಸ್ತುಸಂಗ್ರಹಾಲಯವಾಗಿದೆ.