ಗೀಗೀ ಮೇಳವೂ ಬೆಲ್‌ಫಾಸ್ಟಿನ ಹುಡುಗರೂ

ಐರ್ಲೆಂಡ್ ದ್ವೀಪದ ಉತ್ತರ ಭಾಗವು ಇಂದಿಗೂ ಬ್ರಿಟಿಷ್ ರಾಜ್ಯಕ್ಕೆ ಸೇರಿದ್ದು. ಅಲ್ಲಿಯ ಬೆಲ್‌ಫಾಸ್ಟ್ ನಗರದ ಇಬ್ಬರು ತರುಣರೂ ಡೆರಿ ಪಟ್ಟಣದ ಒಬ್ಬ ಶಾಲಾಮಾಸ್ತರನೂ ಕೂಡಿ ೨೦೧೭ರಲ್ಲಿ ಒಂದು ಮೇಳ ಕಟ್ಟಿದರು. ಅದಕ್ಕೆ 'ನೀಕ್ಯಾಪ್' ಎಂದು ಹೆಸರು. ಅಮೆರಿಕದ ಕರಿಯರ ಕೇರಿಗಳಲ್ಲಿ ಹುಟ್ಟಿದ ರ್ಯಾಪ್ ಎಂಬ ವೇಗದ ಗದ್ಯಗಾನವನ್ನು ಇವರು ತಮ್ಮ ಹಿರಿಯರ ಐರಿಷ್ ಭಾಷೆಯಲ್ಲಿ ಹಾಡತೊಡಗಿದರು. ಅವರ ಮೊದಲ ಹಾಡಿನ ಹೆಸರಿಗೆ 'ಹಕ್ಕುಗಳು' ಎಂದರ್ಥ. ಹಾಡಿನಲ್ಲಿ ಸರಕಾರದ ಗೇಲಿಯಿತ್ತು, ಪೊಲೀಸರ ಅಣಕವಿತ್ತು, ಅಮಲು ಪದಾರ್ಥಗಳ ಮಾತೂ ಇತ್ತು. ಐರಿಷ್ ನುಡಿಗಾಗಿ ಆಯುಷ್ಯ ಸವೆಸಿದ ಕೆಲವು ಹಿರಿಯರಿಗೆ ಇದನ್ನು ಕೇಳಿ ಸಂತೋಷಪಡಬೇಕೋ ಕಿವಿ ಮುಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ಐರಿಷ್ ಭಾಷೆಯ ಯುವಜನ ಆಕಾಶವಾಣಿಯೇ ಆ ಹಾಡನ್ನು ಬಿತ್ತರಿಸಲು ಒಪ್ಪಲಿಲ್ಲ. ಮುಂದೆ ಬ್ರಿಟಿಷ್ ಸರಕಾರವು ಮೇಳಕ್ಕೆ ಸಲ್ಲಬೇಕಾಗಿದ್ದ ೧೪,೨೫೦ ಪೌಂಡುಗಳ ಸಹಾಯಧನವನ್ನು ತಡೆಹಿಡಿಯಿತು. ಹುಡುಗರು ಬೆಲ್‌ಫಾಸ್ಟಿನ ನ್ಯಾಯಾಲಯಕ್ಕೆ ಹೋದರು. ೨೦೨೪ರ ನವೆಂಬರಿನಲ್ಲಿ ಸರಕಾರ ತನ್ನ ತಪ್ಪನ್ನೊಪ್ಪಿ ಹಣ ಕೊಡಬೇಕಾಯಿತು.

ಇದರಿಂದ ನಮಗೇನು ಎಂದು ವಾಚಕರು ಕೇಳಬಹುದು. ಬೆಲ್‌ಫಾಸ್ಟ್ ಎಲ್ಲಿ, ಧಾರವಾಡವೆಲ್ಲಿ! ಆದರೆ ಆಳುವವರ ಮಾತು ಒಂದು, ಮನೆಯ ಮಾತು ಇನ್ನೊಂದು ಆಗಿರುವ ನಾಡಿನಲ್ಲಿ ತರುಣರು ಹಾಡುಕಟ್ಟಿ ನಿಲ್ಲುವುದು ಹೊಸ ಸಂಗತಿಯಲ್ಲ. ಅದರ ಚರಿತ್ರೆಯ ಒಂದು ಅಧ್ಯಾಯ ನಮ್ಮ ಬಾಗಿಲಲ್ಲಿಯೇ ನಡೆದುಹೋಗಿದೆ.

ಧಾರವಾಡದಿಂದ ಉಪ್ಪಿನಬೆಟಗೇರಿಯ ಕಡೆಗೆ ಹೊರಟರೆ ಮಲೆನಾಡಿನ ಸೆರಗು ಹಿಂದೆ ಸರಿದು ಎರೆಭೂಮಿ ತೆರೆದುಕೊಳ್ಳುತ್ತದೆ. ಜೋಳ, ಹತ್ತಿ, ಕಡಲೆಗಳ ಸೀಮೆ ಅದು. ಗದಗಿಗೆ ಅಂಟಿಕೊಂಡ ಬೆಟಗೇರಿಯೇ ಬೇರೆ, ಧಾರವಾಡ ತಾಲ್ಲೂಕಿನ ಈ ಬೆಟಗೇರಿಯೇ ಬೇರೆ. ಇಲ್ಲಿಂದ ಬೈಲಹೊಂಗಲ, ಸವದತ್ತಿ, ರಾಮದುರ್ಗ, ಮುಧೋಳಗಳವರೆಗೆ ಹಬ್ಬಿದ ಸೀಮೆಯೇ ಲಾವಣಿಯ ಮತ್ತು ಗೀಗೀ ಪದದ ತವರು. ಸುಗ್ಗಿ ಮುಗಿದು ಜಾತ್ರೆಗಳು ಮೊದಲಾದವೆಂದರೆ ಊರ ಕಟ್ಟೆಯ ಮುಂದೆ ಮೇಳ ನಿಲ್ಲುತ್ತಿತ್ತು. ಮುಂದೆ ಡಪ್ಪು ಹಿಡಿದ ಮುಖ್ಯ ಹಾಡುಗಾರ. ಹಿಂದೆ ತುಂತುಣಿ, ತಾಳ ಹಿಡಿದ ಇಬ್ಬರು. 'ಗೀಯ ಗೀಯ' ಎಂದು ಹಿಮ್ಮೇಳದವರು ಎಳೆಯುವ ಸೊಲ್ಲಿನಿಂದಲೇ ಹಾಡಿಗೆ ಆ ಹೆಸರು ಬಂತು.

ಇದು ಬರಿಯ ಹಾಡಿಕೆಯಲ್ಲ, ಜಿದ್ದಿನ ಹಾಡಿಕೆ. ಹರದೇಶಿ ಮೇಳದವರು ಹರನ, ಎಂದರೆ ಗಂಡಿನ ಹೆಚ್ಚಳವನ್ನು ಹಾಡಬೇಕು. ನಾಗೇಶಿಯವರು ಶಕ್ತಿಯ, ಎಂದರೆ ಹೆಣ್ಣಿನ ಹೆಚ್ಚಳವನ್ನು. ಒಬ್ಬರು ಸವಾಲು ಹಾಕಿದರೆ ಇನ್ನೊಬ್ಬರು ಜವಾಬು ಕೊಡಬೇಕು. ಪುರಾಣ ಗೊತ್ತಿರಬೇಕು, ಲೋಕವ್ಯವಹಾರ ಗೊತ್ತಿರಬೇಕು, ಎದುರಾಳಿಯ ಮಾತನ್ನು ಅಲ್ಲಿಯೇ ಹಿಡಿದು ಅವನಿಗೇ ತಿರುಗಿಸುವ ಚುರುಕು ಬೇಕು. ಬೆಳಗಿನವರೆಗೆ ಕುಳಿತ ಜನವೇ ನ್ಯಾಯಾಧೀಶರು. ಹಾಡಿನ ಕೊನೆಯ ನುಡಿಯಲ್ಲಿ ಕವಿ ತನ್ನ ಊರನ್ನೂ ಗುರುವನ್ನೂ ದೈವವನ್ನೂ ಹೆಸರಿಸಿ ಅಂಕಿತ ಹಾಕುತ್ತಿದ್ದ. ಅಮೆರಿಕದ ರ್ಯಾಪ್ ಗಾಯಕರು ಎದುರುಬದುರು ನಿಂತು ಪಂಥ ಕಟ್ಟುವುದನ್ನೂ, ಹಾಡಿನಲ್ಲಿ ತಮ್ಮ ಹೆಸರನ್ನೂ ಕೇರಿಯನ್ನೂ ಸಾರಿಕೊಳ್ಳುವುದನ್ನೂ ನೋಡಿದರೆ ನಮ್ಮ ಹಳೆಯ ಹಾಡುಗಾರರಿಗೆ ಅದೇನೂ ಅಪರಿಚಿತವೆನಿಸುತ್ತಿರಲಿಲ್ಲ.

ಈ ಹಾಡುಗಾರರು ರಾಜಕಾರಣದಿಂದ ದೂರವಿದ್ದವರೂ ಅಲ್ಲ. ೧೮೫೭ರಲ್ಲಿ ಸರಕಾರ ಜನರ ಕೈಯಲ್ಲಿದ್ದ ಆಯುಧಗಳನ್ನು ಕಿತ್ತುಕೊಳ್ಳಲು ಹೊರಟಾಗ ಮುಧೋಳ ಸೀಮೆಯ ಹಲಗಲಿಯ ಬೇಡರು ಕೊಡುವುದಿಲ್ಲವೆಂದು ಎದುರು ನಿಂತರು. ದಂಡು ಬಂತು, ಊರು ಸುಟ್ಟಿತು, ಹಿಡಿದವರನ್ನು ಗಲ್ಲಿಗೇರಿಸಲಾಯಿತು. ಹನುಮ, ಬಾಲ, ಜಡಗ, ರಾಮ ಎಂಬ ಆ ವೀರರ ಹೆಸರುಗಳನ್ನು ಜನರ ನಾಲಗೆಯ ಮೇಲೆ ಉಳಿಸಿದ್ದು ಕುರ್ತಕೋಟಿ ಕಲ್ಮೇಶನ ಅಂಕಿತವುಳ್ಳ ಒಂದು ಲಾವಣಿ. ಕಿತ್ತೂರಿನ ಸಂಗೊಳ್ಳಿ ರಾಯಣ್ಣನಿಗೂ ಹಾಡಿದೆ. ಹೊಸದಾಗಿ ಬಂದ ಆದಾಯ ತೆರಿಗೆಯ ಮೇಲೂ ಹಾಡಿದೆ. ಸೋಜಿಗವೆಂದರೆ, ಇಂಥ ಲಾವಣಿಗಳನ್ನು ಮೊದಲು ಬರೆಯಿಸಿಕೊಂಡು ೧೮೮೫ರಿಂದ 'ಇಂಡಿಯನ್ ಆಂಟಿಕ್ವರಿ' ಪತ್ರಿಕೆಯಲ್ಲಿ ಅಚ್ಚು ಹಾಕಿಸಿದವರು ಅದೇ ಸರಕಾರದ ಅಧಿಕಾರಿಯೂ ಶಾಸನ ಪಂಡಿತರೂ ಆಗಿದ್ದ ಜಾನ್ ಫೇತ್‌ಫುಲ್ ಫ್ಲೀಟ್ ಸಾಹೇಬರು. ನಮ್ಮ ವಿದ್ವಾಂಸರು ಆಗಿನ್ನೂ ಲಾವಣಿಯನ್ನು ಸಾಹಿತ್ಯವೆಂದು ಎಣಿಸುತ್ತಿರಲಿಲ್ಲ.

ಆ ಕಾಲದ ಧಾರವಾಡದಲ್ಲಿ ಕನ್ನಡದ ಸ್ಥಿತಿ ಹೇಗಿತ್ತೆಂಬುದನ್ನು ಈಗಿನವರು ಊಹಿಸಿಕೊಳ್ಳುವುದು ಕಷ್ಟ. ೧೮೧೮ರಲ್ಲಿ ಪೇಶ್ವೆಯರ ಆಳಿಕೆ ಮುಗಿದು ಈ ಸೀಮೆ ಇಂಗ್ಲಿಷರ ಕೈಗೆ ಹೋಗಿ ಮುಂಬಯಿ ಇಲಾಖೆಗೆ ಸೇರಿತು. ಕಚೇರಿಯ ಕಾಗದ ಮರಾಠಿಯಲ್ಲಿ, ಶಾಲೆಯ ಪಾಠ ಮರಾಠಿಯಲ್ಲಿ, ದೊಡ್ಡವರ ಸಭ್ಯ ಸಂಭಾಷಣೆಯೂ ಮರಾಠಿಯಲ್ಲಿ. ಕನ್ನಡ ಹೊಲದಲ್ಲಿತ್ತು, ಅಡುಗೆಮನೆಯಲ್ಲಿತ್ತು, ಮಠದ ಪುರಾಣದಲ್ಲಿತ್ತು, ಲಾವಣಿಯವನ ಡಪ್ಪಿನಲ್ಲಿತ್ತು. ವಿದ್ಯಾ ಇಲಾಖೆಯಲ್ಲಿದ್ದ ಡೆಪ್ಯುಟಿ ಚನ್ನಬಸಪ್ಪನವರು ಮರಾಠಿ ಶಾಲೆಗಳನ್ನು ಕನ್ನಡ ಶಾಲೆಗಳನ್ನಾಗಿ ಮಾಡಲು ಜೀವ ತೇದದ್ದನ್ನು ನಾವು ಇಂದು ಕೃತಜ್ಞತೆಯಿಂದ ನೆನೆಯುತ್ತೇವೆ. ಆದರೆ ಅವರು ಶಾಲೆಗೆ ಕರೆತಂದ ಕನ್ನಡವು ಅಲ್ಲಿಯವರೆಗೆ ಬದುಕಿದ್ದೆಲ್ಲಿ ಎಂದು ಕೇಳಿದರೆ, ಈ ಹಾಡುಗಾರರ ಹೆಸರನ್ನೂ ಹೇಳಲೇಬೇಕಾಗುವುದು.

೧೮೯೦ರಲ್ಲಿ ರಾ. ಹ. ದೇಶಪಾಂಡೆಯವರು ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವನ್ನು ಸ್ಥಾಪಿಸಿದರು. ಮೂರು ವರ್ಷಗಳ ಅನಂತರ, ೧೮೯೩ರಲ್ಲಿ, ಡಬ್ಲಿನ್ ನಗರದಲ್ಲಿ ಡಗ್ಲಸ್ ಹೈಡ್ ಮೊದಲಾದವರು ಐರಿಷ್ ಭಾಷೆಯ ಉದ್ಧಾರಕ್ಕಾಗಿ ಗೇಲಿಕ್ ಸಂಘವನ್ನು ಕಟ್ಟಿದರು. ಒಬ್ಬರಿಗೊಬ್ಬರ ಸುದ್ದಿಯಿಲ್ಲದೆಯೇ ಎರಡು ಊರುಗಳಲ್ಲಿಯೂ ನಡೆದ ಕೆಲಸ ಒಂದೇ ಬಗೆಯದು: ಪುಸ್ತಕ ಅಚ್ಚು ಹಾಕುವುದು, ಪತ್ರಿಕೆ ನಡೆಸುವುದು, ಓದಿದವರಿಗೆ ತಮ್ಮ ನುಡಿಯ ಬಗ್ಗೆ ಇದ್ದ ನಾಚಿಕೆ ಬಿಡಿಸುವುದು. ಈ ಕೊನೆಯದೇ ಎಲ್ಲಕ್ಕಿಂತ ಕಠಿಣವಾದುದು. ಆಲೂರ ವೆಂಕಟರಾಯರು ೧೯೧೭ರಲ್ಲಿ 'ಕರ್ನಾಟಕ ಗತವೈಭವ'ವನ್ನು ಬರೆದದ್ದು ಆ ನಾಚಿಕೆಯನ್ನು ಕಳೆಯಲೆಂದೇ.

ಸ್ವಾತಂತ್ರ್ಯದ ಚಳವಳಿ ಬಂದಾಗ ಭಾಷಣಕ್ಕಿಂತ ಹಾಡು ಮುಂದೆ ಹೋಯಿತು. ಬೆಳಗಾವಿ ಜಿಲ್ಲೆಯ ಹುಲಕುಂದದ ಭೀಮಕವಿಯಂಥವರು ಹರದೇಶಿ ನಾಗೇಶಿಗಳ ಹಳೆಯ ಮಟ್ಟುಗಳಲ್ಲಿಯೇ ಹೊಸ ರಾಷ್ಟ್ರೀಯ ಪದಗಳನ್ನು ಕಟ್ಟಿದರು. ವೃತ್ತಪತ್ರಿಕೆ ಮುಟ್ಟದ ಹಳ್ಳಿಗೂ, ಅಕ್ಷರ ಬಾರದ ರೈತನಿಗೂ ಚರಕ, ಖಾದಿ, ಕರನಿರಾಕರಣೆಗಳ ಮಾತು ಡಪ್ಪಿನ ಮೂಲಕ ತಲುಪಿತು. ೧೯೨೪ರ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ಹುಯಿಲಗೋಳ ನಾರಾಯಣರಾಯರ ನಾಡಗೀತೆ ಕೇಳಿಬಂತು. ಮುಂದೆ ಹುಬ್ಬಳ್ಳಿಯ ಕೀರ್ತಿಯಾದ ಗಂಗೂಬಾಯಿ ಹಾನಗಲ್ಲರು ಇನ್ನೂ ಬಾಲೆಯಾಗಿ ಗಾಂಧೀಜಿಯವರಿದ್ದ ಆ ಅಧಿವೇಶನದಲ್ಲಿ ಹಾಡಿದರು. ಅದೇ ಸಂದರ್ಭದಲ್ಲಿ ಸಿದ್ದಪ್ಪ ಕಂಬಳಿಯವರ ಅಧ್ಯಕ್ಷತೆಯಲ್ಲಿ ಮೊದಲ ಕರ್ನಾಟಕ ಏಕೀಕರಣ ಪರಿಷತ್ತೂ ಸೇರಿತು.

ಕವಿತೆಗಾಗಿ ಸೆರೆಮನೆ ಕಂಡವರೂ ಇದ್ದಾರೆ. ದ. ರಾ. ಬೇಂದ್ರೆಯವರು ೧೯೨೨ರ ಸುಮಾರಿಗೆ ಧಾರವಾಡದಲ್ಲಿ ಗೆಳೆಯರ ಗುಂಪನ್ನು ಕಟ್ಟಿದ ತರುಣ ಕವಿ. ಅವರ 'ನರಬಲಿ' ಎಂಬ ಕವಿತೆಯಲ್ಲಿ ಸರಕಾರಕ್ಕೆ ರಾಜದ್ರೋಹ ಕಂಡಿತು. ಹಿಂಡಲಗಿಯ ಸೆರೆಮನೆ, ಅನಂತರ ಧಾರವಾಡಕ್ಕೆ ಸಮೀಪದ ಮುಗದದಲ್ಲಿ ನಜರಬಂದಿ, ಕೈಯಲ್ಲಿದ್ದ ಕೆಲಸಕ್ಕೆ ಸಂಚಕಾರ. ಇಷ್ಟು ಆ ಕವಿತೆಯ ಸಂಭಾವನೆ. ಅದೇ ಕವಿ ಲಾವಣಿಯ, ಗರತಿಯ ಹಾಡಿನ ಧಾಟಿಗಳನ್ನು ತಂದು ಓದಿದವರ ಮನೆಯಲ್ಲಿ ಕೂರಿಸಿದರು. ವಿಜಯಪುರ ಜಿಲ್ಲೆಯ ಹಲಸಂಗಿಯ ಗೆಳೆಯರು, ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ ಮೊದಲಾದವರು, ಜನಪದ ಹಾಡುಗಳನ್ನು ಕೂಡಿಹಾಕಿ ೧೯೩೧ರಲ್ಲಿ 'ಗರತಿಯ ಹಾಡು' ಸಂಕಲನವನ್ನು ಹೊರತಂದರು.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಬೇಂದ್ರೆಯವರ ಮನೆಯ ಮಾತು ಮರಾಠಿ. ಹಲಸಂಗಿಯ ಪ್ರಸಿದ್ಧ ಲಾವಣಿಕಾರ ಖಾಜಾಭಾಯಿ ಮುಸಲ್ಮಾನ. ಐರಿಷ್ ನುಡಿಗೆ ಜೀವ ತುಂಬಿದ ಡಗ್ಲಸ್ ಹೈಡ್ ಕೂಡ ಆ ಭಾಷೆಯನ್ನು ತಮ್ಮದೆನ್ನುತ್ತಿದ್ದ ಕ್ಯಾಥೊಲಿಕ್ ಜನರ ಪೈಕಿಯವರಲ್ಲ, ಪ್ರೊಟೆಸ್ಟಂಟ್ ಪಾದ್ರಿಯ ಮಗ. ನುಡಿಯು ರಕ್ತದ ಆಸ್ತಿಯಲ್ಲ, ದುಡಿದವರ ಆಸ್ತಿ. ನುಡಿಯ ಹೆಸರಿನಲ್ಲಿ ನೆರೆಯವರನ್ನು ದ್ವೇಷಿಸುವವರು ಇದನ್ನು ಮರೆಯುತ್ತಾರೆ.

ಸ್ವರಾಜ್ಯ ಬಂದ ಮೇಲೂ ನಾಡು ಒಂದಾಗಲಿಲ್ಲ. ೧೯೫೩ರಲ್ಲಿ ಹುಬ್ಬಳ್ಳಿಯ ಬಳಿಯ ಅದರಗುಂಚಿಯ ಶಂಕರಗೌಡ ಪಾಟೀಲರು ಏಕೀಕರಣಕ್ಕಾಗಿ ಆಮರಣ ಉಪವಾಸ ಹೂಡಿದರು. ಏಪ್ರಿಲ್ ೧೯ರಂದು ಹುಬ್ಬಳ್ಳಿಯಲ್ಲಿ ಕಾಂಗ್ರೆಸ್ ನಾಯಕರ ಸಭೆ ಸೇರಿದಾಗ ಜನರ ತಾಳ್ಮೆ ಕಟ್ಟೆಯೊಡೆದು ದೊಡ್ಡ ಗಲಭೆಯಾಯಿತು, ಅನೇಕರು ಸೆರೆಯಾದರು. ಆ ವರ್ಷದ ಕೊನೆಗೆ ಫಜಲ್ ಅಲಿ ಆಯೋಗ ನೇಮಕವಾಯಿತು. ೧೯೫೬ರ ನವೆಂಬರ್ ೧ರಂದು ಧಾರವಾಡ, ಬೆಳಗಾವಿಗಳು ಮುಂಬಯಿಯ ಹಂಗು ಹರಿದು ವಿಶಾಲ ಮೈಸೂರನ್ನು ಕೂಡಿದವು. ಕಾಸರಗೋಡು ಹೊರಗುಳಿಯಿತು. ೧೯೭೩ರಲ್ಲಿ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂತು.

ಬೆಲ್‌ಫಾಸ್ಟಿನ ಕತೆಯನ್ನೂ ನಮ್ಮ ಕತೆಯನ್ನೂ ಒಂದೇ ಅಳತೆಗೋಲಿನಿಂದ ಅಳೆಯಲಾಗದು. ಕನ್ನಡಕ್ಕೆ ರಾಜರಿದ್ದರು, ಶಾಸನಗಳಿದ್ದವು, ಕೋಟಿಗಟ್ಟಲೆ ಜನರಿದ್ದರು. ೨೦೧೧ರ ಜನಗಣತಿಯಲ್ಲಿ ಕನ್ನಡವನ್ನು ತಾಯ್ನುಡಿಯೆಂದವರು ೪ ಕೋಟಿ ೩೭ ಲಕ್ಷ. ಐರಿಷ್ ನುಡಿಗೆ ಬಂದ ಗಂಡಾಂತರ ಬೇರೆಯೇ ಬಗೆಯದು. ನ್ಯಾಯಾಲಯಗಳಲ್ಲಿ ಇಂಗ್ಲಿಷಿನ ಹೊರತು ಬೇರೆ ಭಾಷೆ ಕೂಡದೆಂದು ೧೭೩೭ರಲ್ಲಿ ಕಾಯಿದೆಯಾಯಿತು. ೧೮೪೫ರಿಂದ ಬಿದ್ದ ಬಟಾಟೆಯ ಕ್ಷಾಮದಲ್ಲಿ ಆ ನುಡಿಯಾಡುವ ಬಡವರು ಸತ್ತರು, ಇಲ್ಲವೆ ಹಡಗು ಹತ್ತಿದರು. ೨೦೨೧ರ ಜನಗಣತಿಯ ಪ್ರಕಾರ ಉತ್ತರ ಐರ್ಲೆಂಡಿನಲ್ಲಿ ಐರಿಷ್ ಭಾಷೆಯನ್ನು ಅಷ್ಟೋ ಇಷ್ಟೋ ಬಲ್ಲವರು ನೂರಕ್ಕೆ ೧೨.೪ ಮಂದಿ. ಅದಕ್ಕೆ ಅಧಿಕೃತ ಮನ್ನಣೆ ಕೊಟ್ಟು, ೧೭೩೭ರ ಕಾಯಿದೆಯನ್ನು ತೆಗೆದುಹಾಕಲು ಅವಕಾಶ ಮಾಡಿದ ಶಾಸನ ಬಂದದ್ದು ೨೦೨೨ರಲ್ಲಿ. ನೀಕ್ಯಾಪ್ ಮೇಳದ ಹುಡುಗರ ಎಲ್ಲ ನಡೆನುಡಿಗಳನ್ನೂ ಮೆಚ್ಚಬೇಕೆಂದಿಲ್ಲ. ವೇದಿಕೆಯ ಮೇಲೆ ಒಂದು ನಿಷಿದ್ಧ ಸಂಘಟನೆಯ ಬಾವುಟ ತೋರಿಸಿದರೆಂದು ೨೦೨೫ರಲ್ಲಿ ಅವರಲ್ಲೊಬ್ಬನ ಮೇಲೆ ಲಂಡನ್ನಿನಲ್ಲಿ ಖಟ್ಲೆ ನಡೆಯಿತು; ಆರೋಪ ಹೊರಿಸಿದ ವಿಧಾನದಲ್ಲಿ ದೋಷವಿದೆಯೆಂದು ಆ ಸೆಪ್ಟೆಂಬರಿನಲ್ಲಿ ಕೆಳಗಿನ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಮೆಚ್ಚಲಿ ಬಿಡಲಿ, ಶಾಲೆಯಲ್ಲಿ ಶಿಕ್ಷೆಯಂತೆ ಕಲಿತ ನುಡಿಯನ್ನು ಸಾವಿರಾರು ಹುಡುಗರು ಬೀದಿಯಲ್ಲಿ ಖುಷಿಯಿಂದ ಆಡುವಂತೆ ಮಾಡಿದ ಶ್ರೇಯಸ್ಸು ಅವರಿಗೆ ಸಲ್ಲುತ್ತದೆ.

ನಮ್ಮಲ್ಲಿ ರಾಜ್ಯ ಬಂದ ಮೇಲೆ ಗೀಗೀ ಮೇಳಕ್ಕೇನಾಯಿತು? ಸರಕಾರ ಅದನ್ನು ಮರೆಯಲಿಲ್ಲ. ಕುಟುಂಬ ಯೋಜನೆಯ ಪ್ರಚಾರಕ್ಕೆ, ಉಳಿತಾಯದ ಪ್ರಚಾರಕ್ಕೆ ಮೇಳಗಳನ್ನು ಕರೆದು ಹಾಡಿಸಿತು. ಕಲಾವಿದರಿಗೆ ನಾಲ್ಕು ಕಾಸು ಸಿಕ್ಕಿತು, ಒಳ್ಳೆಯದೇ ಆಯಿತು. ಆದರೆ ಸವಾಲು ಹಾಕುವ ಹಾಡು ಸುತ್ತೋಲೆ ಓದುವ ಹಾಡಾದರೆ ಬೆಳಗಿನವರೆಗೆ ಕೂರುವವರು ಯಾರು? ಸಿನಿಮಾ ಬಂತು, ದೂರದರ್ಶನ ಬಂತು. ಡಪ್ಪಿನ ಸುತ್ತಲಿನ ಜನ ತೆಳುವಾಯಿತು. ಈಗ ಅದನ್ನು ಹೆಚ್ಚಾಗಿ ಕೇಳುವುದು ಉತ್ಸವಗಳಲ್ಲಿ, ಕಾಲು ಗಂಟೆಯ ಕಾರ್ಯಕ್ರಮವಾಗಿ.

ಇತ್ತ ಕನ್ನಡದ ತರುಣರು ರ್ಯಾಪ್ ಹಾಡತೊಡಗಿದ್ದಾರೆ. ಬಹುಕಾಲ ಚಲನಚಿತ್ರಗಳಲ್ಲಿ ನಗೆಪಾತ್ರದ ಬಾಯಿಗಷ್ಟೇ ಸಿಗುತ್ತಿದ್ದ ನಮ್ಮ ಕಡೆಯ ಗಂಡು ಮಾತೂ ಅದರಲ್ಲಿ ಕೇಳಿಬರುತ್ತಿದೆ. ಹಿರಿಯರು ಇದನ್ನು ಗದ್ದಲವೆನ್ನುವರು. ನೂರು ವರ್ಷದ ಹಿಂದೆ ಪಂಡಿತರು ಲಾವಣಿಯನ್ನೂ ಹಾಗೆಯೇ ಅಂದಿದ್ದರು. ಹುಡುಗರಿಗೂ ಹೇಳಬೇಕಾದ ಮಾತೊಂದಿದೆ. ಡಪ್ಪಿನವನು ಬರಿಯ ಆವೇಶದಿಂದ ಗೆಲ್ಲುತ್ತಿರಲಿಲ್ಲ. ಎದುರಾಳಿ ಕೇಳಿದ ಪ್ರಶ್ನೆಗೆ ಉತ್ತರ ಗೊತ್ತಿದ್ದರೆ ಗೆಲ್ಲುತ್ತಿದ್ದ. ಉಪ್ಪಿನಬೆಟಗೇರಿಯಿಂದ ಮುಧೋಳದವರೆಗಿನ ಊರುಗಳಲ್ಲಿ ಆ ಪ್ರಶ್ನೋತ್ತರಗಳನ್ನು ಬಾಯಲ್ಲಿಟ್ಟುಕೊಂಡ ಮುದುಕರು ದಿನೇ ದಿನೇ ಕಡಿಮೆಯಾಗುತ್ತಿದ್ದಾರೆ. ಹೊಸ ಹಾಡುಗಾರರು ಅವರ ಬಳಿ ಹೋಗಿ ನಾಲ್ಕು ರಾತ್ರಿ ಕುಳಿತರೆ ಮಟ್ಟು ಸಿಕ್ಕೀತು, ಮಾತೂ ಸಿಕ್ಕೀತು. ಧ್ವನಿ ಹಿಡಿಯುವ ಯಂತ್ರ ಇಂದು ಪ್ರತಿಯೊಬ್ಬನ ಕಿಸೆಯಲ್ಲಿದೆ. ಫ್ಲೀಟ್ ಸಾಹೇಬರು ಲೇಖನಿಯಿಂದ ಮಾಡಿದ ಕೆಲಸವನ್ನು ಮುಂದುವರಿಸಲು ಇದಕ್ಕಿಂತ ಹೆಚ್ಚಿನ ಅನುಕೂಲ ಬೇಕಿಲ್ಲ.